ಕೊರೊನಾ ಆದ ಮೇಲೆ 6ರಿಂದ 8ನೇ ತರಗತಿ ಪಾಠ ಬದಲಾಗಬೇಕಾ?
ಬದಲಾಗಲೇಬೇಕು. ಆದರೆ ಸ್ಮಾರ್ಟ್ ಬೋರ್ಡ್ ತಂದು ಗೋಡೆಗೆ ಹಾಕಿದರೆ ಮುಗೀತು ಅಂತಲ್ಲ. 2020ರಲ್ಲಿ ಶಾಲೆ ಮುಚ್ಚಿದಾಗ ನಮ್ಮ ಬಾಗಲಕೋಟೆ ಕಡೆ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಮೊಬೈಲ್, ಅದೂ ಅಪ್ಪನ ಜೊತೆ ಹೊಲಕ್ಕೆ ಹೋಗಿರುತ್ತಿತ್ತು. ಊರಲ್ಲೇ ಪಾಠ ಹೇಳಲು ಸರ್ಕಾರ ತಂದ ವಿದ್ಯಾಗಮ ಯೋಜನೆಯಲ್ಲಿ ಮಾಸ್ತರು ಗುಡಿ ಕಟ್ಟೆ ಮೇಲೆ ಕೂತು ಹೇಳಿಕೊಟ್ಟಿದ್ದೇ ಮಕ್ಕಳ ತಲೆಗೆ ಜಾಸ್ತಿ ಹೋಯಿತು. ಆಗ 3ನೇ ತರಗತಿಯಲ್ಲಿದ್ದ ಮಗು 2023ರಲ್ಲಿ 6ಕ್ಕೆ ಬಂತು, ಭಾಗಾಕಾರ ಮಾತ್ರ ಹಿಂದೆಯೇ ಉಳಿದಿತ್ತು. ಬಿಟ್ಟುಹೋದ ಕಲಿಕೆ ತುಂಬಿಸೋ ಸರ್ಕಾರದ ಕಲಿಕಾ ಚೇತರಿಕೆ ಕಾರ್ಯಕ್ರಮ ತಂದಿದ್ದು ಇದಕ್ಕೇ ಅಲ್ವಾ?

ನನ್ನ ಪ್ರಕಾರ ನಾಲ್ಕು ಮಕ್ಕಳಿಗೆ ಒಂದು ಮೊಬೈಲ್ ಸಾಕು. ಸಂತೆಯಲ್ಲಿ ಉಳ್ಳಾಗಡ್ಡಿ ದರ ಕೇಳಿ ಬರಲಿ, ಕೃಷಿ ಮಾರಾಟ ವಾಹಿನಿ ಸೈಟಿನಲ್ಲಿ ಮಾರುಕಟ್ಟೆ ದರ ನೋಡಲಿ, ಇಷ್ಟು ವ್ಯತ್ಯಾಸ ಯಾಕೆ ಅಂತ ಜಗಳಾಡಲಿ. ಶೇಕಡಾ ಲೆಕ್ಕ ಅಲ್ಲೇ ಬರುತ್ತದೆ. ಸುಮ್ನೆ ವಿಡಿಯೋ ಹಾಕಿ ಕೂರಿಸಿದರೆ ನಿದ್ದೆ ಬರುತ್ತದೆ, ಅಷ್ಟೇ.