ಪಶ್ಚಿಮ ಆಫ್ರಿಕಾದ ತಂತಿವಾದ್ಯ ಕೋರಾ ಕಲಿಯಲು ಕೆಲಸ ಬಿಟ್ಟು ಮಾಲಿಗೆ ಹೋಗಬಹುದಾ? ತುಮಾನಿ ಡಿಯಾಬಾಟೆ ಥರ ಅದನ್ನೇ ವೃತ್ತಿ ಮಾಡಿಕೊಳ್ಳಬಹುದಾ?

ಚಿಕ್ಕಂದಿನಿಂದ ವೀಣೆ, ಈಗ ಐಟಿ ಕೆಲಸ, ಒಂದು ರಾತ್ರಿ ಯೂಟ್ಯೂಬ್‌ನಲ್ಲಿ ಮಾಲಿಯ ಕೋರಾ ವಾದಕ ತುಮಾನಿ, ಮಾರನೇ ದಿನ ರಾಜೀನಾಮೆಯ ಡ್ರಾಫ್ಟ್. ನಿಮ್ಮ ಪ್ರಶ್ನೆ ಓದಿ ನಗು ಬಂತು, ಸ್ವಲ್ಪ ಹೊಟ್ಟೆಯೂ ಉರಿಯಿತು. ಐಟಿ ಒಂದು ಬಿಟ್ಟರೆ ಇದು ನನ್ನದೇ ಕಥೆ. ನಾನು ಲೆಕ್ಕ ಬರೆಯುವವನು. ಗ್ಯಾಂಬಿಯಾದ ಸೆರೆಕುಂಡಾದಲ್ಲಿ ಅಕ್ಕಿ ತರಿಸಿ ಮಾರುವ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ರಜೆ ಸಿಕ್ಕಿದರೆ ಸಾಕು, ಶೇರ್ ವ್ಯಾನ್ ಹತ್ತಿ ಬ್ರಿಕಾಮಾಗೆ ಹೋಗುತ್ತಿದ್ದೆ. ಕೊಂಟೆ, ಜೊಬಾರ್ಟೆ ಅಂತ ದೊಡ್ಡ ಕೋರಾ ಮನೆತನಗಳು ಇರುವ ಊರು ಅದು. ಅಲ್ಲೇ ಒಬ್ಬ ಹಿರಿಯರು ನನ್ನನ್ನು ಪಾಠಕ್ಕೆ ಕೂರಿಸಿಕೊಂಡರು.

ವೀಣೆ ಬರುವವರಿಗೆ ಕೋರಾ ಮೊದಮೊದಲು ಸುಲಭ ಅನ್ನಿಸುತ್ತದೆ. ನಾನು ಕೆಟ್ಟಿದ್ದೇ ಅಲ್ಲಿ. ದೊಡ್ಡ ಸೋರೆ ಬುರುಡೆಯನ್ನು ಅರ್ಧಕ್ಕೆ ಕೊಯ್ದು, ಹಸುವಿನ ಚರ್ಮ ಬಿಗಿದು, ಉದ್ದನೆ ಮರದ ದಂಡ ತೂರಿಸಿದರೆ ಕೋರಾ. ತಂತಿ 21. ಎಡಕ್ಕೆ 11, ಬಲಕ್ಕೆ 10. ಮೊದಲು ಜಿಂಕೆ ಜಾತಿಯ ಪ್ರಾಣಿಗಳ ಚರ್ಮದ ಹುರಿ ಕಟ್ಟುತ್ತಿದ್ದರು, ಈಗ ಮೀನು ಹಿಡಿಯುವ ನೈಲಾನ್ ದಾರ. ವೀಣೆಯ ಥರ ಮೆಟ್ಟಿಲುಗಳಿಲ್ಲ, ಒಂದು ತಂತಿಗೆ ಒಂದೇ ಸ್ವರ. ಹಾಗಾಗಿ ನಮ್ಮ ಎಡಗೈ ಕಲಿತ ಗಮಕವೆಲ್ಲ ಇಲ್ಲಿ ನಿರುದ್ಯೋಗಿ. ನುಡಿಸುವುದು ನಾಲ್ಕೇ ಬೆರಳಲ್ಲಿ: ಎರಡು ಹೆಬ್ಬೆರಳು, ಎರಡು ತೋರುಬೆರಳು. ಉಳಿದ ಬೆರಳುಗಳು ವಾದ್ಯದ ಎರಡು ಹಿಡಿಕಡ್ಡಿ ಹಿಡಿದು ಸುಮ್ನೆ ಇರುತ್ತವೆ.

ಈಗ ನನ್ನ ತಪ್ಪು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ, ಯಾಕೆಂದರೆ ನೀವೂ ಇದನ್ನೇ ಮಾಡುತ್ತೀರಿ. ಕೋರಾದಲ್ಲಿ ಕೆಳಗೆ ಒಂದು ಸುತ್ತು ತಿರುಗುತ್ತಲೇ ಇರುತ್ತದೆ, ಅದು ಕುಂಬೆಂಗೊ. ಅದರ ಭಾರವೆಲ್ಲ ಹೆಬ್ಬೆರಳುಗಳ ಮೇಲೆ. ನಡುನಡುವೆ ಮೇಲಿನಿಂದ ಜಲ್ಲನೆ ಇಳಿದು ಬರುವ ಓಟ ಬಿರಿಮಿಂಟಿಂಗೊ. ಅದರಲ್ಲಿ ತೋರುಬೆರಳುಗಳದ್ದೇ ಜಾಸ್ತಿ ಕೆಲಸ. ವೀಣೆಯಲ್ಲಿ ತೋರುಬೆರಳು, ನಡುಬೆರಳಿಂದ ಮೀಟುತ್ತೇವೆ, ಕಿರುಬೆರಳಿಗೆ ತಾಳದ ತಂತಿ, ಹೆಬ್ಬೆರಳಿಗೆ ಮೀಟುವ ಕೆಲಸವೇ ಇಲ್ಲ ಅಲ್ವಾ? ಅಂದರೆ ನನ್ನ ತೋರುಬೆರಳು ಮೊದಲ ದಿನದಿಂದಲೇ ಚುರುಕು, ಹೆಬ್ಬೆರಳು ಮಾತ್ರ ಒಂದನೇ ಕ್ಲಾಸ್. ಗುರುಗಳು ಕೊಟ್ಟಿದ್ದು ಕೆಲೆಫಾಬಾ. ಶುರುವಿಗೆ ಸಾಮಾನ್ಯವಾಗಿ ಕೊಡುವ ಪಾಠ. ಅದರ ಕುಂಬೆಂಗೊ ತಿರುಗಿಸಿ ತಿರುಗಿಸಿ ನನಗೆ ಸಾಕಾಯಿತು. ಇದೇನು, ಸರಳೆ ವರಸೆಗಿಂತ ಕಡೆ ಅಂದುಕೊಂಡೆ. ಓಟಗಳನ್ನು ಹೇಳಿಕೊಡಿ ಅಂತ ಕಾಡಿದೆ. ಅವರು ನಕ್ಕು ಒಂದೆರಡು ತೋರಿಸಿದರು, ಉಳಿದದ್ದನ್ನು ನಾನೇ ರೆಕಾರ್ಡಿಂಗ್ ಕೇಳಿ ಎತ್ತಿಕೊಂಡೆ. ಕಂಪನಿಯವರೆಲ್ಲ ವಾವ್ ಅಂದರು. ನಾನೂ ನಂಬಿದೆ.

ಒಂದು ನಾಮಕರಣಕ್ಕೆ ಗುರುಗಳು ಕರೆದುಕೊಂಡು ಹೋದರು. ಅಲ್ಲಿ ಮಗು ಹುಟ್ಟಿದ ವಾರಕ್ಕೆ ಹೆಸರಿಡುತ್ತಾರೆ. ಗುರುಗಳ ಮನೆಯ ಒಬ್ಬ ಹೆಂಗಸು ಹಾಡಲು ಎದ್ದರು. ಮಗುವಿನ ಮನೆತನದ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಎತ್ತಿ ಹೊಗಳುತ್ತಾ ಹೋಗುವ ಹಾಡು. ನನ್ನ ಕೆಲಸ ಕೆಳಗಿನ ಸುತ್ತನ್ನು ಅಲುಗಾಡದ ಹಾಗೆ ಹಿಡಿಯುವುದು, ಅಷ್ಟೇ. ಅವರು ಉಸಿರು ತೆಗೆದುಕೊಂಡ ಕಡೆಯೆಲ್ಲ ನಾನು ಒಂದು ಓಟ ತುರುಕಿದೆ. ಪ್ರತಿ ಓಟದಿಂದ ವಾಪಸ್ ಬರುವಾಗ ಹೆಬ್ಬೆರಳು ಅರ್ಧ ಮಾತ್ರೆ ತಡ. ಮೂರನೆಯ ಸಲಕ್ಕೆ ಅವರು ಹಾಡನ್ನೇ ನಿಲ್ಲಿಸಿ ನನ್ನ ಕಡೆ ತಿರುಗಿದರು. ಗುರುಗಳ ಅಣ್ಣನ ಮಗ, ಇನ್ನೂ ಮೀಸೆ ಬರದ ಹುಡುಗ, ಬಂದು ನನ್ನ ಕೈಯಿಂದ ಕೋರಾ ತೆಗೆದುಕೊಂಡು ಅದೇ ಸುತ್ತು ಹಿಡಿದ. ಒಂದೂ ಓಟವಿಲ್ಲ. ಜನ ಎದ್ದು ಬಂದು ದುಡ್ಡು ಕೊಡಲು ಶುರು ಮಾಡಿದರು. ಗುರುಗಳು ಬೈಯಲಿಲ್ಲ. ಆದರೆ ಆಮೇಲೆ ಯಾವ ಮನೆಗೂ ಕರೆಯಲಿಲ್ಲ. ಸಮುದ್ರ ದಂಡೆಯ ಹೋಟೆಲಲ್ಲಿ ಅವರ ಗುಂಪಿಗೆ ಟೂರಿಸ್ಟ್ ಸೀಸನ್ ಪೂರ್ತಿ ಕಾರ್ಯಕ್ರಮ ಸಿಕ್ಕಿತು. ನನಗಿದ್ದ ಜಾಗಕ್ಕೆ ಆ ಹುಡುಗ ಹೋದ. ಕೋರಾದಲ್ಲೇ ಬದುಕುವ ನನ್ನ ಆಸೆ ಅಲ್ಲಿಗೆ ಮುಗಿಯಿತು. ಕೆಲಸಕ್ಕೆ ರಾಜೀನಾಮೆ ಕೊಟ್ಟಿರಲಿಲ್ಲ, ಪುಣ್ಯ.

"ತುಮಾನಿಗೂ ಗುರು ಇರಲಿಲ್ಲ, ಅವರೇ ಕಲಿತರು" ಅಂತ ಬರೆದಿದ್ದೀರಿ. ಅರ್ಧ ನಿಜ. ಅಪ್ಪ ಸಿದಿಕಿ ಡಿಯಾಬಾಟೆ ಕೂತು ಪಾಠ ಹೇಳಲಿಲ್ಲ, ನಿಜ. ಆದರೆ ಆ ಅಪ್ಪ ಯಾರು? 1970ರ ಹೊತ್ತಿಗೇ ಬರೀ ಕೋರಾ ವಾದನದ ರೆಕಾರ್ಡ್ ಮಾಡಿದವರಲ್ಲಿ ಒಬ್ಬರು. ತಾಯಿ ಗಾಯಕಿ. 1965ರಲ್ಲಿ ಮಾಲಿಯ ರಾಜಧಾನಿ ಬಮಾಕೋದಲ್ಲಿ ಹುಟ್ಟಿದ ಮಗು ಆ ಮನೆಯಲ್ಲಿ ಐದು ವರ್ಷಕ್ಕೇ ಕೋರಾ ಮುಟ್ಟಿತು. ಅಂಥ ಮನೆಯಲ್ಲಿ ಬೇರೆ ಗುರು ಯಾಕೆ ಬೇಕು? ಇನ್ನೊಂದು ವಿಷಯ ನಿಮ್ಮ ಕಣ್ಣು ತಪ್ಪಿದೆ. 1988ರ 'ಕೈರಾ' ಆಲ್ಬಮ್‌ನಲ್ಲಿ ಅವರು ಒಬ್ಬರೇ ಮೂರು ಜನ ನುಡಿಸಿದ ಹಾಗೆ ನುಡಿಸಿದ್ದನ್ನು ಕೇಳಿ ನೀವು ಮರುಳಾಗಿದ್ದೀರಿ. ಅದಕ್ಕೂ ಮೊದಲು ಅವರು ಕಾಂಡಿಯಾ ಕುಯಾಟೆಯಂಥ ದೊಡ್ಡ ಗಾಯಕಿಯ ಹಿಂದೆ ಕೂತು ಸಾಥ್ ಕೊಟ್ಟವರು. ಆ ಒಂಟಿ ವಾದನ ಹುಟ್ಟಿದ್ದೇ ಇಂಥ ಸಾಥ್‌ನಿಂದ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವೃತ್ತಿ ಅಂತ ಕೇಳಿದ್ದೀರಲ್ಲ, ಆ ಪ್ರಶ್ನೆಯೇ ಸರಿ ಇಲ್ಲ. ನಮ್ಮ ಕಡೆ ಹೆಳವರು ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳಿ ಕಾಳುಕಡಿ, ಬಟ್ಟೆ ತೆಗೆದುಕೊಂಡು ಹೋಗುತ್ತಾರಲ್ಲ, ಅಲ್ಲಿನ ಜಾಲಿಗಳದ್ದೂ, ಅಂದರೆ ಹುಟ್ಟಿನಿಂದಲೇ ಹಾಡಿ ನುಡಿಸುವ ಮನೆತನಗಳವರದ್ದೂ, ಹೆಚ್ಚುಕಡಿಮೆ ಹಾಗೇ. ಮದುವೆ, ನಾಮಕರಣ, ಇಬ್ಬರ ನಡುವೆ ಜಗಳ ಬಿಡಿಸುವುದು, ಇವೆಲ್ಲ ಅವರ ಕೆಲಸ. ಕೋರಾದ ಪಕ್ಕದಲ್ಲಿರುವ ನಾದದ ತೂತಿಗೇ ನೋಟು ಹಾಕುತ್ತಾರೆ. ಆ ನೋಟು ಬರುವುದು ಬೆರಳಿನ ವೇಗಕ್ಕಲ್ಲ, ಯಾರ ಅಜ್ಜ ಯಾರು ಅನ್ನುವುದು ಗೊತ್ತಿರುವುದಕ್ಕೆ. ತುಮಾನಿ ತಮ್ಮದು 71 ತಲೆಮಾರಿನ ಮನೆತನ ಅನ್ನುತ್ತಿದ್ದರು. ಅದಕ್ಕೆ ನೀವು, ನಾನು ಪೋಟಿ ಕೊಡುವುದಾ?

ಹಾಗಂತ ಆ ಮನೆತನದಲ್ಲಿ ಹುಟ್ಟದವರು ನುಡಿಸಬಾರದು ಅಂತಲ್ಲ. ಮಾಲಿಯವರೇ ಆದ ಅಲಿ ಫರ್ಕಾ ಟೂರೆ ಜಾಲಿ ಅಲ್ಲ. ಗಿಟಾರ್ ನುಡಿಸಿದರು, ನಿಯಾಫುಂಕೆಯಲ್ಲಿ ಹೊಲ ಮಾಡಿದರು, ಆ ಊರಿನ ಮೇಯರ್ ಕೂಡ ಆದರು. ತುಮಾನಿ ಜೊತೆ ಬಮಾಕೋದ ಒಂದು ಹೋಟೆಲಲ್ಲಿ ರೆಕಾರ್ಡ್ ಮಾಡಿದ್ದಕ್ಕೆ 2006ರಲ್ಲಿ ಗ್ರ್ಯಾಮಿ ಬಂತು. ಅದರ ಮುಂದಿನ ತಿಂಗಳೇ ಅಲಿ ತೀರಿಕೊಂಡರು. ನಿಮಗೆ ದಾರಿ ಬೇಕಿದ್ದರೆ ಅದು. ಹೊಟ್ಟೆಪಾಡಿಗೆ ಬೇರೆ ಕೆಲಸ ಇಟ್ಟುಕೊಳ್ಳಿ.

ಹುಡುಗಿಗೆ ಕಲಿಸುತ್ತಾರಾ ಅಂತ ಕೇಳಿದ್ದೀರಿ. ಸಂಪ್ರದಾಯದಲ್ಲಿ ಹೆಂಗಸರು ಹಾಡುವವರು, ಕೋರಾ ಗಂಡಸರದ್ದು. ಲಂಡನ್ನಿನಲ್ಲಿ ಹುಟ್ಟಿದ ಸೋನಾ ಜೊಬಾರ್ಟೆ ಅದನ್ನು ಮುರಿದರು. ಈಗ ಗ್ಯಾಂಬಿಯಾದಲ್ಲಿ ಶಾಲೆಯನ್ನೂ ನಡೆಸುತ್ತಾರೆ. ಆದರೆ ಅವರೂ ಜೊಬಾರ್ಟೆ ಅನ್ನುವ ಕೋರಾ ಮನೆತನದ ಮೊಮ್ಮಗಳು, ನೆನಪಿರಲಿ.

ಮಾಲಿಯೋ ಗ್ಯಾಂಬಿಯಾವೋ? ಗ್ಯಾಂಬಿಯಾ. ಇಂಗ್ಲಿಷ್ ನಡೆಯುತ್ತದೆ. ಮಾಲಿಯಲ್ಲಿ 2012ರಿಂದ ಗಲಾಟೆ ನಿಂತಿಲ್ಲ. ತುಮಾನಿಯನ್ನು ನೋಡಬೇಕು ಅನ್ನುವ ಆಸೆಯಿದ್ದರೆ ಅದಂತೂ ಆಗುವುದಿಲ್ಲ, ಅವರು 2024ರ ಜುಲೈನಲ್ಲಿ ಹೋದರು. ಉದ್ದ ರಜೆ ಹಾಕಿ ಹೋಗಿ ಬನ್ನಿ, ಕೆಲಸ ಬಿಡಬೇಡಿ. ಗುರುಗಳು ಕೊಟ್ಟ ಸುತ್ತನ್ನು, ಯಾರಾದರೂ ಪಕ್ಕದಲ್ಲಿ ಮಾತಾಡುತ್ತಿದ್ದರೂ ಕೈ ತಪ್ಪದ ಹಾಗೆ ತಿರುಗಿಸುವವರೆಗೂ ಒಂದೇ ಒಂದು ಓಟ ಕೇಳಬೇಡಿ.

ವಾದ್ಯದ ಬಗ್ಗೆ: ದಂಡಕ್ಕೆ ಚರ್ಮದ ಬಳೆ ಸುತ್ತಿ ಶ್ರುತಿ ಮಾಡುವ ಹಳೇ ನಮೂನೆಯದ್ದೇ ಅಸಲಿ ಅಂತ ಕೆಲವರು ತಲೆ ತಿನ್ನುತ್ತಾರೆ. ಕೇಳಬೇಡಿ. ಆ ಬಳೆಗಳನ್ನು ಸರಿಸಲು ರಟ್ಟೆ ಬೇಕು, ನಮ್ಮ ಮಳೆಗಾಲದಲ್ಲಿ ಅವು ನಿಲ್ಲುವುದೂ ಇಲ್ಲ. ಗಿಟಾರ್ ಥರದ ಕೀ ಇರುವುದನ್ನೇ ತಗೊಳ್ಳಿ. ವಿಮಾನದಲ್ಲಿ ತರುವಾಗ ಗಟ್ಟಿ ಪೆಟ್ಟಿಗೆ ಮಾಡಿಸಿ, ತಂತಿ ಸಡಿಲ ಮಾಡಿ. 2020ರಲ್ಲಿ ಮಾಲಿಯ ಹೆಸರಾಂತ ಕೋರಾ ವಾದಕ ಬಲ್ಲಾಕೆ ಸಿಸೊಕೊ ನ್ಯೂಯಾರ್ಕಿಂದ ಪ್ಯಾರಿಸ್‌ಗೆ ಬಂದು ಪೆಟ್ಟಿಗೆ ತೆರೆದರೆ ಕೋರಾ ಬಿಡಿಬಿಡಿಯಾಗಿ ಬಿದ್ದಿತ್ತು. ಅಂಥವರಿಗೇ ಹಾಗಾದರೆ ನಮ್ಮ ಪೆಟ್ಟಿಗೆಯನ್ನು ಯಾರು ಕೇಳುತ್ತಾರೆ?