ಮಳೆ ಹಿಡಿದರೆ ಗಂಟುನೋವು ಜಾಸ್ತಿ ಆಗುವುದು ಯಾಕೆ?

ಜೂನ್‌ನಲ್ಲಿ ಉಡುಪಿಗೆ ಮಳೆ ಹಿಡಿದ ಕೂಡಲೇ ಅಮ್ಮನಿಗೆ ಮೊಣಗಂಟು ನೋವು ಶುರು, ಯಾಕೆ ಎಂದು ಕೇಳಿದ್ದೀರಿ. ಅದು ಸುಮ್ನೆ ಭ್ರಮೆ ಅಲ್ಲ. ಮಳೆಗೆ ಮುಂಚೆ ಗಾಳಿಯ ಒತ್ತಡ ಇಳಿಯುತ್ತದೆ. ಆಗ ಗಂಟಿನ ಸುತ್ತಲಿನ ಭಾಗ ಒಂಚೂರು ಹಿಗ್ಗಿ ನೋಯುತ್ತದೆ ಎನ್ನುವುದು ಒಂದು ವಿವರಣೆ, ಇನ್ನೂ ಸಾಬೀತಾಗಿಲ್ಲ. 2019ರ ಬ್ರಿಟನ್ ಅಧ್ಯಯನವೊಂದರಲ್ಲಿ ತೇವ ಜಾಸ್ತಿ, ಒತ್ತಡ ಕಡಿಮೆ ಇದ್ದ ದಿನ ನೋವೂ ಸ್ವಲ್ಪ ಹೆಚ್ಚು ಕಂಡಿತ್ತು. ನಮ್ಮ ಕರಾವಳಿಯಲ್ಲಿ ಇನ್ನೊಂದು ಕಾರಣವೂ ಇದೆ ಅಂತ ನನಗನಿಸುತ್ತದೆ: ಮಳೆಗೆ ನಡಿಗೆಯೇ ನಿಂತುಹೋಗುತ್ತದೆ ಅಲ್ವಾ? ಕೂತಲ್ಲೇ ಕೂತರೆ ಗಂಟು ಬಿಗಿಯುತ್ತದೆ. ಅಂಗಳಕ್ಕೆ ಇಳಿಯಲಾಗದಿದ್ದರೆ ಜಗಲಿಯಲ್ಲೇ ನಡೆಯಲಿ. ಬಿಸಿನೀರಿನ ಶಾಖ ಕೊಡಿ. ಗಂಟು ಊದಿ, ಕೆಂಪಾಗಿ, ಜ್ವರವೂ ಬಂದರೆ ಮಳೆಯಿಂದ ಅಂದುಕೊಂಡು ಕಾಯಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ.