ಎಂಬತ್ತು ಜನ ಮ್ಯೂಟ್‌ನಲ್ಲಿದ್ದರೆ ತಪ್ಪು ಯಾರದು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದ, ನಲವತ್ತರ ಹತ್ತಿರದ ಈ ಮಹಿಳೆ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ರಿಲೀಸ್ ಟ್ರೇನ್ ಎಂಜಿನಿಯರ್, ಅಂದರೆ ಹಲವು ಟೀಮ್‌ಗಳ ಕೆಲಸವನ್ನು ಒಟ್ಟಿಗೆ ಹೊಂದಿಸುವವರು. ಎಂಟು ಟೀಮ್, ಸುಮಾರು ಎಂಬತ್ತು ಜನ. ಅರ್ಧದಷ್ಟು ಜನ ಇಲ್ಲೇ, ಮಿಕ್ಕವರು ಪುಣೆ ಮತ್ತು ಪೋಲೆಂಡಿನಲ್ಲಿ. ಹತ್ತು ವಾರಕ್ಕೊಮ್ಮೆ ಎಲ್ಲರನ್ನೂ ಒಟ್ಟು ಸೇರಿಸಿ ದೊಡ್ಡ ರೆಟ್ರೋ (ಮುಗಿದ ಕೆಲಸದಲ್ಲಿ ಸರಿಯಾದದ್ದೇನು, ತಪ್ಪಿದ್ದೇನು ಎಂದು ಹಿಂತಿರುಗಿ ನೋಡುವ ಸಭೆ) ನಡೆಸುವುದು ಅವರ ಹೊಣೆ. ಅದು ಹತ್ತಿರವಾದಂತೆ ನಿದ್ದೆ ಹೋಗುತ್ತದೆ, ಹೊಟ್ಟೆ ಉರಿ ಶುರುವಾಗುತ್ತದೆ. ಮನೆ ಡಾಕ್ಟರು ಕೊಟ್ಟ ಗ್ಯಾಸ್ಟ್ರಿಕ್ ಮಾತ್ರೆಯಲ್ಲೇ ತಿಂಗಳುಗಳು ಕಳೆದಿದ್ದವು.

“ಏನು ಚೆನ್ನಾಗಾಯ್ತು, ಏನಾಗ್ಲಿಲ್ಲ ಅಂತ ಕೇಳ್ತೀನಿ ಮೇಡಂ. ಅಷ್ಟೂ ಜನ ಮ್ಯೂಟ್. ಕೊನೆಗೆ ಡೈರೆಕ್ಟರೇ ಇಪ್ಪತ್ತು ನಿಮಿಷ ಮಾತಾಡ್ತಾರೆ. ಆಮೇಲೆ ನನ್ನ ಕರೆದು, ‘ಎಂಗೇಜ್‌ಮೆಂಟೇ ಇಲ್ವಲ್ಲ’ ಅಂತಾರೆ.”

ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದ ತನ್ನ ಇಂಗ್ಲಿಷೇ ಇದಕ್ಕೆಲ್ಲ ಕಾರಣ ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದರು. ದುಡ್ಡು ಕೊಟ್ಟು ಮಾತಿನ ತರಬೇತಿಗೂ ಸೇರಿದ್ದರು. ಆದರೆ ಮೊದಲು ಒಂಬತ್ತು ಜನರ ಟೀಮಿಗೆ ಸ್ಕ್ರಮ್ ಮಾಸ್ಟರ್ (ಒಂದು ಟೀಮಿನ ಸಭೆಗಳನ್ನು ನಡೆಸಿ, ಕೆಲಸದ ಅಡ್ಡಿ ಬಿಡಿಸುವವರು) ಆಗಿದ್ದಾಗ ಇದೇ ಇಂಗ್ಲಿಷಿನಲ್ಲಿ ರೆಟ್ರೋ ನಡೆಸುತ್ತಿದ್ದವರು ಅವರೇ. ಆಗ ಜನ ಜಗಳ ಆಡುವಷ್ಟು ಮಾತಾಡುತ್ತಿದ್ದರಂತೆ. ಹಾಗಾದರೆ ಬದಲಾಗಿದ್ದೇನು ಎಂದು ಕೇಳಿದೆ. ಉತ್ತರ ಆ ದಿನ ಬರಲಿಲ್ಲ.

ಮುಂದಿನ ಭೇಟಿಯಲ್ಲಿ ಬಂತು. ವರ್ಷದ ಹಿಂದೆ ಬರೆದವರ ಹೆಸರು ಕಾಣದ ಬೋರ್ಡಿನಲ್ಲಿ ಯಾರೋ “ರಿಲೀಸ್ ತಾರೀಕು ನಮ್ಮನ್ನು ಕೇಳದೇ ನಿಗದಿಯಾಗುತ್ತದೆ” ಎಂದು ಬರೆದರು. ಡೈರೆಕ್ಟರು ನಗುತ್ತಲೇ, “ಯಾರು ಬರೆದಿದ್ದು? ಬೇಜಾರಿಲ್ಲ, ಮಾತಾಡೋಣ” ಎಂದರು. ಅಪ್ರೈಸಲ್ ತಿಂಗಳು ಅದು. ಯಾರೂ ಉಸಿರೆತ್ತಲಿಲ್ಲ. ಅಲ್ಲಿಂದೀಚೆಗೆ ಬೋರ್ಡ್ ತುಂಬ “ಟೀಮ್‌ವರ್ಕ್ ಸೂಪರ್” ಎಂಬ ಚೀಟಿಗಳೇ. ಎಲ್ಲರೂ ತಮ್ಮಿಂದಾದಷ್ಟು ಮಾಡಿದ್ದಾರೆಂದು ನಂಬಿ ಮಾತಾಡೋಣ ಎನ್ನುವ ರೆಟ್ರೋ ಬಗ್ಗೆ ಪುಸ್ತಕ ಬರೆದ ನಾರ್ಮನ್ ಕರ್ತ್ ಅವರ ಸೂತ್ರವನ್ನು ಆಕೆ ಪ್ರತಿ ಸಲವೂ ಮೊದಲ ಸ್ಲೈಡಿನಲ್ಲಿ ಓದುತ್ತಾರಂತೆ. ಓದಲಿ ಪಾಪ. ಜನ ಸ್ಲೈಡ್ ನೋಡುವುದಿಲ್ಲ, ಡೈರೆಕ್ಟರ ಮುಖ ನೋಡುತ್ತಾರೆ.

ಹಾರ್ವರ್ಡ್‌ನ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ನಡೆಯುತ್ತಿದ್ದ ತಂಡಗಳಲ್ಲೇ ತಪ್ಪುಗಳ ಲೆಕ್ಕ ಹೆಚ್ಚಿತ್ತು. ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳಲು ಹೆದರಿಕೆ ಇರಲಿಲ್ಲ ಎಂಬುದು ಆಕೆ ಕೊಟ್ಟ ವಿವರಣೆ. ಇದನ್ನು ಹೇಳಿ, “ನಿಮ್ಮ ಜನ ಸೋಮಾರಿಗಳಲ್ಲ, ಜಾಣರು” ಎಂದೆ. ಅವರು ಮೊದಲ ಸಲ ನಕ್ಕರು.

ಸಭೆ ನಡೆಸುವುದು ನನ್ನ ಕಸುಬಲ್ಲ. ಆದರೆ ಈ ಹೊಟ್ಟೆ ಉರಿಗೆ ಆ ಸಭೆಯನ್ನು ಬಿಟ್ಟು ಮದ್ದಿರಲಿಲ್ಲ. ಸಂಜೆಯ ಕಾಫಿ, ರಾತ್ರಿಯ ಲ್ಯಾಪ್‌ಟಾಪ್ ಬಗ್ಗೆ ಹೇಳಬೇಕಾದ್ದನ್ನು ಹೇಳಿ, ಒಂದು ಹಾಳೆ ಕೊಟ್ಟೆ. ಎಡಕ್ಕೆ ನಿಮ್ಮ ಹೊಣೆ, ಬಲಕ್ಕೆ ನಿಮ್ಮದಲ್ಲದ್ದು. ಸಮಯ, ಕೇಳುವ ಪ್ರಶ್ನೆ, ಕೂರಿಸುವ ಕ್ರಮ ಎಡಕ್ಕೆ ಬಂದವು. ಎಂಬತ್ತು ಜನರ ಧೈರ್ಯವನ್ನೂ ಅವರು ಎಡಕ್ಕೇ ಬರೆದಿದ್ದರು. ಅದನ್ನು ಹೊಡೆದುಹಾಕಿಸಲು ಆ ದಿನದ ಅರ್ಧ ಸಮಯ ಹಿಡಿಯಿತು.

ಆಮೇಲೆ ಲೆಕ್ಕಕ್ಕೆ ಕೂತೆವು. ತೊಂಬತ್ತು ನಿಮಿಷವನ್ನು ಎಂಬತ್ತು ಜನಕ್ಕೆ ಹಂಚಿದರೆ ತಲೆಗೆ ಒಂದು ನಿಮಿಷ ಚಿಲ್ಲರೆ. ಐದು ಜನರ ಗುಂಪಿಗೆ ಇಪ್ಪತ್ತೈದು ನಿಮಿಷ ಕೊಟ್ಟರೆ ತಲೆಗೆ ಐದು ನಿಮಿಷ. ಮದುವೆ ಛತ್ರದಲ್ಲಿ ಐನೂರು ಜನ ಒಟ್ಟಿಗೆ ಮಾತಾಡುತ್ತಿರುತ್ತಾರೆ, ಮೈಕ್ ಕೈಗಿಟ್ಟರೆ ಎಲ್ಲರ ಬಾಯೂ ಬಂದ್. ಹಾಗಾಗಿ ಮೈಕ್ ತೆಗೆಯಿರಿ ಎಂದೆ. ಮೊದಲು ಪ್ರತಿ ಟೀಮ್ ತನ್ನದೇ ರೆಟ್ರೋ ಮುಗಿಸಲಿ, ತಮ್ಮ ಕೈಯಲ್ಲಿ ಬಗೆಹರಿಯದ ಒಂದೆರಡು ವಿಷಯಗಳನ್ನಷ್ಟೇ ದೊಡ್ಡ ಸಭೆಗೆ ತರಲಿ. ಅಲ್ಲಿ ಬೇರೆ ಬೇರೆ ಟೀಮಿನವರನ್ನು ಬೆರೆಸಿ ಸಣ್ಣ ಗುಂಪು ಮಾಡಿ. ಒಬ್ಬೊಬ್ಬರೇ ಸುಮ್ಮನೆ ಬರೆದುಕೊಳ್ಳಲಿ, ಮಾತು ಆಮೇಲೆ. ಇಂಗ್ಲಿಷಿಗೆ ಅಂಜುವವರಿಗೆ ಈ ಬರೆಯುವ ಐದು ನಿಮಿಷ ದೊಡ್ಡ ಆಸರೆ, ಪೋಲೆಂಡಿನವರಿಗೂ ಅಷ್ಟೇ. ಕೊನೆಗೆ ಎರಡೇ ಎರಡು ವಿಷಯ ಆರಿಸಿ, ಸರಿಪಡಿಸುವ ಅಧಿಕಾರ ಇರುವವರ ಹೆಸರಿಗೆ ಬರೆಯಿರಿ. ಅವು ಏನಾದವು ಎಂಬ ವರದಿಯಿಂದಲೇ ಮುಂದಿನ ಸಲದ ಸಭೆ ಶುರುವಾಗಲಿ. ಹಿಂದಿನ ಸಲದ ಉದ್ದನೆಯ ಆಕ್ಷನ್ ಐಟಂ ಪಟ್ಟಿಯಲ್ಲಿ ಏನೇನಿತ್ತು ಎಂಬುದು ಆಕೆಗೇ ನೆನಪಿರಲಿಲ್ಲ.

ಕಷ್ಟವಾದದ್ದು ಡೈರೆಕ್ಟರ ಜೊತೆಗಿನ ಮಾತು. ಅದನ್ನು ಕೋಣೆಯಲ್ಲಿ ಅಭ್ಯಾಸ ಮಾಡಿಸಿದೆ, ಡೈರೆಕ್ಟರ ಪಾತ್ರ ನನ್ನದು. “ಸರ್, ಮೊದಲ ಒಂದು ಗಂಟೆ ನೀವು, ಮ್ಯಾನೇಜರ್‌ಗಳು ಬೇರೆ ಗುಂಪಲ್ಲಿ ನಿಮ್ಮದೇ ರೆಟ್ರೋ ಮಾಡಿ. ಕೊನೆಗೆ ಬನ್ನಿ. ಬಂದಾಗ ಯಾರು ಬರೆದಿದ್ದು ಅಂತ ಕೇಳ್ಬೇಡಿ, ನನ್ನಿಂದ ಏನಾಗ್ಬೇಕು ಅಂತ ಕೇಳಿ.” ಶುರುವಿನಲ್ಲಿ ಪ್ರತಿ ವಾಕ್ಯಕ್ಕೂ ಒಂದು ‘ಸಾರಿ ಸರ್’ ಸೇರುತ್ತಿತ್ತು. ಅದನ್ನು ಬಿಡಿಸಿದೆವು.

ಡೈರೆಕ್ಟರು ಒಂದು ಗಂಟೆಗೆ ಒಪ್ಪಲಿಲ್ಲ, ಮುಕ್ಕಾಲು ಗಂಟೆಗೆ ಒಪ್ಪಿದರು. ಮೇಲೆ ಬಂದ ವಿಷಯ ಎರಡು: ಮೂರು ಟೀಮ್ ಒಂದೇ ಟೆಸ್ಟ್ ಸರ್ವರಿಗೆ ಕಾಯುವುದು, ಮತ್ತೆ ಅದೇ ರಿಲೀಸ್ ತಾರೀಕು. ಸರ್ವರಿಗೆ ಅಲ್ಲೇ ದುಡ್ಡು ಮಂಜೂರಾಯಿತು. ತಾರೀಕಿಗೆ ಡೈರೆಕ್ಟರು, ಗ್ರಾಹಕರ ಜೊತೆಗಿನ ಒಪ್ಪಂದದಲ್ಲೇ ಅದಿದೆ, ಈ ವರ್ಷ ನನ್ನ ಕೈಯಲ್ಲಿಲ್ಲ ಎಂದರು. ಆಕೆ ಇದನ್ನು ಸೋಲು ಎಂದೇ ಹೇಳಿಕೊಂಡರು. ನನಗೆ ಆ ಸಭೆಯಲ್ಲಿ ನಡೆದ ಒಳ್ಳೆಯದೆಂದರೆ ಅದೇ ಅನಿಸಿತು. ಒಂದು ವರ್ಷ ಬಾಕಿಯಿದ್ದ ದೂರಿಗೆ ನೇರ ಉತ್ತರ ಸಿಕ್ಕಿತು, ಬರೆದವರು ಯಾರೆಂದು ಯಾರೂ ಕೇಳಲಿಲ್ಲ.

ನಿದ್ದೆ ಬಹುಮಟ್ಟಿಗೆ ಮರಳಿದೆ, ಮಾತ್ರೆ ಇನ್ನೂ ಪೂರ್ತಿ ಬಿಟ್ಟಿಲ್ಲ. ಸಭೆಯ ಅರ್ಧವನ್ನು ಈಗ ಪುಣೆಯ ಸ್ಕ್ರಮ್ ಮಾಸ್ಟರ್ ಒಬ್ಬರು ನಡೆಸುತ್ತಾರೆ. “ಒಂದು ಗುಂಪು ಈ ಸಲಾನೂ ಏನೂ ಬರೀಲಿಲ್ಲ ಮೇಡಂ” ಎಂದರು ಆಕೆ, ಹೋದ ಭೇಟಿಯಲ್ಲಿ. ನಿಮಗೇನನ್ನಿಸಿತು ಎಂದೆ. “ಏನಿಲ್ಲ, ಮುಂದಿನ ಗುಂಪಿಗೆ ಹೋದೆ.”